ಎರೆನಾಡಿನ ಕಾಡುಹೂಗಳು

ಗಾಣಗಾಪುರದ ದತ್ತಾತ್ರೇಯನ ದರ್ಶನಕ್ಕೆಂದು ದೂರದ ಪಟ್ಟಣಗಳಿಂದ ಹೊರಟ ಯಾತ್ರಿಕರು ಗಾಣಗಾಪುರ ರೋಡ್ ನಿಲ್ದಾಣದಲ್ಲಿ ಇಳಿದು ಕ್ಷೇತ್ರದತ್ತ ಸಾಗುವಾಗ, ದಾರಿಯ ಎರಡು ಮಗ್ಗುಲಿಗೂ ಕಣ್ಣು ಹಾಯಿಸಿ, “ಇದೇನು ಬರಿಯ ಬಯಲು! ಒಂದು ಮರವಿಲ್ಲ, ಒಂದು ಹೂವಿಲ್ಲ” ಎಂದು ನಿಟ್ಟುಸಿರು ಬಿಡುವುದುಂಟು. ಮಲೆನಾಡಿನ ಹಸುರನ್ನು ಕಂಡ ಕಣ್ಣಿಗೆ ಕಲಬುರಗಿಯ ಸೀಮೆ ಬೋಳಾಗಿ ಕಾಣುವುದು ಸಹಜವೇ. ಆದರೆ ಹಾಗೆ ನುಡಿದವರು ನೋಡಿದ್ದು ಬಹುಮಟ್ಟಿಗೆ ವೈಶಾಖದ ಬಿಸಿಲಿನಲ್ಲಿ, ಅದೂ ಓಡುವ ವಾಹನದ ಕಿಟಕಿಯಿಂದ. ಭಾದ್ರಪದದಲ್ಲಿ ಬಂದು, ವಾಹನ ನಿಲ್ಲಿಸಿ, ಹೊಲದ ಬದುವಿನ ಮೇಲೆ ಇಪ್ಪತ್ತು ಹೆಜ್ಜೆ ನಡೆದವರಿಗೆ ಇದೇ ನೆಲ ಬೇರೆಯ ಮಾತನ್ನೇ ಹೇಳುತ್ತದೆ.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳಲ್ಲಿ ಅರಣ್ಯವೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ನದಿಯು ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ; ಭೀಮೆಯು ಅಫಜಲಪುರ, ಜೇವರ್ಗಿಗಳ ನೆಲವನ್ನು ತೊಳೆದು ಕೃಷ್ಣೆಯತ್ತ ಮುಂದುವರಿಯುತ್ತದೆ. ನೆಲದ ಬಹುಭಾಗ ಎರೆ, ಎಂದರೆ ಕಪ್ಪು ಮಣ್ಣು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನದ ಮೇಲೆ ಹರಡಿದ ಲಾವಾರಸವು ಹೆಪ್ಪುಗಟ್ಟಿ ಶಿಲೆಯಾಗಿ, ಆ ಶಿಲೆ ಸವೆದು ಆದ ಮಣ್ಣು ಇದು. ಮಳೆ ಬಿದ್ದರೆ ಉಬ್ಬುತ್ತದೆ, ಬೇಸಗೆಯಲ್ಲಿ ಅಂಗೈ ಇಳಿಯುವಷ್ಟು ಬಿರಿಯುತ್ತದೆ. ಹೀಗೆ ಉಬ್ಬಿ ಬಿರಿಯುವ ನೆಲದಲ್ಲಿ ದೊಡ್ಡ ಮರಗಳ ಬೇರು ನೆಮ್ಮದಿಯಾಗಿ ನಿಲ್ಲುವುದು ಕಷ್ಟ. ಆದುದರಿಂದಲೇ ಇಲ್ಲಿಯ ಸಸ್ಯಸಂಪತ್ತು ಬಹುಮಟ್ಟಿಗೆ ಋತುವಿನದು: ಮಳೆಯೊಡನೆ ಎದ್ದು, ಹೂಬಿಟ್ಟು, ಬೀಜ ಚೆಲ್ಲಿ, ಮಣ್ಣಿನೊಳಗೆ ಮರೆಯಾಗುವಂಥದು. ಅದನ್ನು ಕಾಣಬೇಕಾದರೆ ಅದರ ವೇಳೆಯನ್ನು ಅರಿತು ಹೋಗಬೇಕು.

ವೇಳೆಯನ್ನು ತಿಳಿಸಲು ಇಲ್ಲಿಯ ರೈತನಿಗೆ ಜನವರಿ ಫೆಬ್ರವರಿಗಳ ಲೆಕ್ಕ ಬೇಕಿಲ್ಲ. ಅವನದು ಮಳೆನಕ್ಷತ್ರಗಳ ಪಂಚಾಂಗ. ಜೂನ್ ತಿಂಗಳ 7, 8ರ ಸುಮಾರಿಗೆ ಮೃಗಶಿರ ಕೂಡುತ್ತದೆ. ಹಳ್ಳಿಯವರ ಬಾಯಲ್ಲಿ ಅದು ಮಿರಗ. ಅಲ್ಲಿಂದ ಹದಿಮೂರು ಹದಿನಾಲ್ಕು ದಿನಗಳಿಗೊಂದರಂತೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಖೆ, ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ, ಸ್ವಾತಿ ಎಂದು ಸಾಗಿ, ನವೆಂಬರಿನ ವಿಶಾಖದೊಡನೆ ಮಳೆಗಾಲ ಮುಗಿಯುತ್ತದೆ. ಕಾಡುಹೂಗಳೂ ಹೆಚ್ಚು ಕಡಿಮೆ ಇದೇ ಪಂಚಾಂಗವನ್ನು ಪಾಲಿಸುತ್ತವೆ. ಮಳೆ ತಡವಾದರೆ ಅವೂ ತಡೆದು ನಿಲ್ಲುತ್ತವೆ ಎಂಬುದೊಂದೇ ವ್ಯತ್ಯಾಸ.

ಹೂವನ್ನು ಗುರುತಿಸುವವನಿಗೆ ಬಣ್ಣವು ಮೊದಲ ಬಾಗಿಲು. ಆದರೆ ಮೊದಲ ಬಾಗಿಲಿನಲ್ಲಿಯೇ ನಿಂತುಬಿಟ್ಟರೆ ಮನೆಯ ಒಳಗು ಕಾಣದು. “ಹಳದಿ ಹೂವು” ಎಂದರೆ ಈ ಸೀಮೆಯಲ್ಲಿ ಹತ್ತು ಗಿಡಗಳು ಒಮ್ಮೆಗೇ ಕೈಯೆತ್ತುತ್ತವೆ. ಬಣ್ಣದ ಜತೆಗೆ ಮಾಸವನ್ನು, ಮಾಸದ ಜತೆಗೆ ಎಸಳಿನ ಎಣಿಕೆಯನ್ನು, ಎಲೆಯ ಜೋಡಣೆಯನ್ನು, ಹೂವರಳುವ ಹೊತ್ತನ್ನು ಸೇರಿಸಿ ನೋಡಿದಾಗ ಮಾತ್ರ ಹತ್ತರಲ್ಲಿ ಒಂದು ಉಳಿಯುತ್ತದೆ.

ಮಿರಗಕ್ಕೂ ಮುಂಚೆ ಅರಳುವ ಹೂವೊಂದಿದೆ. ಕಾಡೀರುಳ್ಳಿ ಏಪ್ರಿಲ್ ಮೇ ತಿಂಗಳುಗಳ ಸುಡುನೆಲದಿಂದ, ಒಂದೆಲೆಯೂ ಇಲ್ಲದೆ, ಬರಿಯ ಹೂದಂಟನ್ನು ಮೇಲೆತ್ತುತ್ತದೆ. ದಂಟಿನ ಉದ್ದಕ್ಕೂ ಮಂಕಾದ ಕಂದುಬಿಳಿಯ ಸಣ್ಣ ಹೂಗಳು. ಅರಳುವುದು ಬಿಸಿಲಿಳಿದ ಮೇಲೆ. ಎಲೆ ಕಾಣಿಸಿಕೊಳ್ಳುವುದು ಮಳೆ ಬಿದ್ದನಂತರ, ಹೂವಿನ ಕೆಲಸ ಮುಗಿದ ಮೇಲೆ. ಗೆಡ್ಡೆ ನೋಡಲು ಈರುಳ್ಳಿಯಂತೆಯೇ ಇದ್ದರೂ ವಿಷವುಳ್ಳದ್ದು. ಮಕ್ಕಳ ಕೈಗೆ ಸಿಗಗೊಡಬಾರದು.

ಆರಿದ್ರಾ ಪುನರ್ವಸುಗಳಲ್ಲಿ ನೆಲಕ್ಕೆ ನೀಲಿ ಬರುತ್ತದೆ. ಹೊಲದಂಚಿನ ತೇವದಲ್ಲಿ ಹಬ್ಬುವ ಕನ್ನೆಸೊಪ್ಪಿನ ಹೂವಿನಲ್ಲಿ ಎರಡು ನೀಲಿ ಎಸಳುಗಳು ಎದ್ದು ಕಾಣುತ್ತವೆ. ಮೂರನೆಯದು ಕಿರಿದು, ಬಣ್ಣಗೆಟ್ಟದ್ದು. ಬೆಳಗಿನಲ್ಲಿ ಅರಳಿ ಮಧ್ಯಾಹ್ನದೊಳಗೆ ಕರಗಿಹೋಗುತ್ತದೆ. ಈ ಗಿಡದ ಒಂದು ವಿಚಿತ್ರ ಬಲ್ಲವರು ಕಡಿಮೆ: ಮೇಲಿನ ನೀಲಿ ಹೂವಲ್ಲದೆ ಮಣ್ಣಿನೊಳಗೆ ಬಣ್ಣವಿಲ್ಲದ, ಎಂದೂ ಅರಳದ ಹೂಗಳನ್ನು ಇದು ಬಿಡುತ್ತದೆ, ಅವು ತಮ್ಮೊಳಗೆ ತಾವೇ ಬೀಜ ಕಟ್ಟುತ್ತವೆ. ರೈತನು ಎಷ್ಟು ಕಿತ್ತರೂ ಕನ್ನೆಸೊಪ್ಪು ಮರಳಿ ಬರುವುದರ ಗುಟ್ಟುಗಳಲ್ಲಿ ಇದೂ ಒಂದು. ಇದಕ್ಕಿಂತ ಒಣನೆಲದಲ್ಲಿ, ಗರಸು ಮಣ್ಣಿನ ಮೇಲೆ, ನೆಲಕ್ಕೆ ಒರಗಿಕೊಂಡು ಹರಡುವುದು ವಿಷ್ಣುಕ್ರಾಂತಿ. ಇದರ ಹೂವು ಕಡಲೆಕಾಳಿಗಿಂತ ತುಸು ದೊಡ್ಡದಾದ ಚಕ್ರ, ಆಕಾಶದ ನೀಲಿ. ಎಲೆಯ ಮೇಲೆ ರೇಷ್ಮೆಯಂಥ ನವಿರು. ಇದನ್ನೂ ಶಂಖಪುಷ್ಪವನ್ನೂ ಒಂದೇ ಎಂದು ತಿಳಿಯುವ ಗೊಂದಲ ವಿದ್ಯಾವಂತರಲ್ಲಿಯೂ ಉಂಟು. ಅದಕ್ಕೆ ಕಾರಣ ಹೆಸರು: ಸಂಸ್ಕೃತದ ವೈದ್ಯಗ್ರಂಥಗಳ ‘ಶಂಖಪುಷ್ಪಿ’ಯನ್ನು ಹಲವರು ವಿಷ್ಣುಕ್ರಾಂತಿಗೆ ಹೊಂದಿಸುತ್ತಾರೆ, ಕನ್ನಡಿಗರು ಶಂಖಪುಷ್ಪವೆನ್ನುವುದು ಬೇಲಿಯ ಮೇಲೆ ಹಬ್ಬುವ, ಅವರೆಯ ಬಳಗಕ್ಕೆ ಸೇರಿದ, ಶಂಖದಂತೆ ತೆರೆದ ಕಡುನೀಲಿಯ ದೊಡ್ಡ ಹೂವಿಗೆ. ನೆಲದ ಮೇಲೆ ಹರಡಿದ್ದರೆ ವಿಷ್ಣುಕ್ರಾಂತಿ, ಬೇಲಿ ಹತ್ತಿದ್ದರೆ ಶಂಖಪುಷ್ಪ. ಇಷ್ಟು ನೆನಪಿದ್ದರೆ ಸಾಕು.

ಮಖೆ ಹುಬ್ಬಿಗಳ ಹೊತ್ತಿಗೆ ಕಳ್ಳಿಬೇಲಿಯೊಳಗಿಂದ ಬೆಂಕಿಯ ನಾಲಗೆಯಂತೆ ಮೇಲೇಳುವ ಬಳ್ಳಿಯೊಂದನ್ನು ಒಮ್ಮೆ ಕಂಡವರು ಮರೆಯಲಾರರು. ಅಗ್ನಿಶಿಖೆ ಎಂಬ ಹೆಸರು ಅದಕ್ಕೆ ಅನ್ವರ್ಥ. ಗೌರಿಹಬ್ಬದ ಆಸುಪಾಸಿನಲ್ಲಿ ಅರಳುವುದರಿಂದ ಗೌರಿಹೂವೆಂದೂ ಕರೆಯುತ್ತಾರೆ. ಆರು ಎಸಳುಗಳು ಅಂಚಿನಲ್ಲಿ ಅಲೆಯಲೆಯಾಗಿ ಹಿಂದಕ್ಕೆ ಬಾಗಿ ಮೇಲ್ಮುಖವಾಗಿ ನಿಲ್ಲುತ್ತವೆ. ಬುಡ ಹಳದಿ, ತುದಿ ಕೆಂಪು, ದಿನ ಕಳೆದಂತೆ ಪೂರ್ಣ ಕೆಂಪು. ಹೂವಿಲ್ಲದಾಗಲೂ ಇದನ್ನು ಗುರುತಿಸಬಹುದು: ಎಲೆಯ ತುದಿಯೇ ಸುರುಳಿಯಾಗಿ ಬೇಲಿಯನ್ನು ಹಿಡಿದುಕೊಂಡಿರುತ್ತದೆ. ತಮಿಳುನಾಡು ಇದನ್ನು ತನ್ನ ರಾಜ್ಯಪುಷ್ಪವೆಂದೂ ಆಫ್ರಿಕದ ಜಿಂಬಾಬ್ವೆ ತನ್ನ ರಾಷ್ಟ್ರಪುಷ್ಪವೆಂದೂ ಮನ್ನಿಸಿವೆ. ಇಷ್ಟು ಚೆಲುವಿಗೆ ತಕ್ಕ ವಿಷವೂ ಇದರಲ್ಲಿದೆ. ಗೆಡ್ಡೆಯಲ್ಲಿಯೂ ಬೀಜದಲ್ಲಿಯೂ ಇರುವ ಕಾಲ್ಚಿಸಿನ್ ಎಂಬ ದ್ರವ್ಯವು ವೈದ್ಯರ ಅಳತೆಯಲ್ಲಿ ಸಂಧಿನೋವಿಗೆ ಮದ್ದು. ಅಳತೆ ಮೀರಿದರೆ ಪ್ರಾಣಾಂತಿಕ. ಹೂಜಾಡಿಗಾಗಿ ಕಿತ್ತು ತರುವ ಪಟ್ಟಣದ ತಾಯಂದಿರು ಇದನ್ನು ಗಮನಿಸುವುದು ಒಳ್ಳೆಯದು.

ಇನ್ನು ಹಳದಿಯ ಮಾತು. ಎರೆನಾಡಿನ ರಾಜವರ್ಣವೇ ಹಳದಿ. ಅದರಲ್ಲಿ ಪಟ್ಟದ ಹೂವು ತಂಗಡಿ. ಆವರಿಕೆಯೆಂದರೂ ಇದೇ, ಗಡಿಯಾಚೆಯ ಮರಾಠಿಯಲ್ಲಿ ತರವಡ, ತೆಲುಗಿನಲ್ಲಿ ತಂಗೇಡು. ಎದೆಮಟ್ಟದ ಪೊದೆ, ಎಂಟರಿಂದ ಹನ್ನೆರಡು ಜೊತೆ ಕಿರಿಯೆಲೆಗಳ ಎಲೆ, ಎಲೆಯ ಬುಡದಲ್ಲಿ ಕಿವಿಯಾಕಾರದ ಪುಟ್ಟ ಪತ್ರ, ತೆಳ್ಳಗೆ ಕಾಗದದಂತೆ ಚಪ್ಪಟೆಯಾದ ಕಾಯಿ. ವರ್ಷದ ಬಹುಭಾಗ ಅಲ್ಲೊಂದು ಇಲ್ಲೊಂದು ಹೂವಿದ್ದರೂ ಮಳೆಗಾಲದ ಕೊನೆಗೆ, ನವರಾತ್ರಿಯ ವೇಳೆಗೆ, ಪೊದೆಯೇ ಹೊನ್ನಾಗುತ್ತದೆ. ಹಿಂದೆ ಇದರ ತೊಗಟೆಯಿಂದ ಚರ್ಮ ಹದಮಾಡುತ್ತಿದ್ದರು. ನೆರೆಯ ತೆಲಂಗಾಣದ ಹೆಂಗಸರು ಬತುಕಮ್ಮನ ಹಬ್ಬದಲ್ಲಿ ತಂಗಡಿಯ ಹೂವನ್ನೂ ಅಣ್ಣೆಯ ಹೂವನ್ನೂ ಸುತ್ತುಸುತ್ತಾಗಿ ಗೋಪುರದಂತೆ ಪೇರಿಸಿ, ಸುತ್ತಲೂ ಹಾಡಿ, ಕೆರೆಗೆ ಬಿಡುತ್ತಾರೆ. ಆ ರಾಜ್ಯ 2014ರಲ್ಲಿ ಹುಟ್ಟಿದಾಗ ಇದು ರಾಜ್ಯದ ಹಬ್ಬವಾಯಿತು. ತಂಗಡಿ ಅದರ ರಾಜ್ಯಪುಷ್ಪವೂ ಆಯಿತು. ಅದೇ ಗಿಡ ಆಳಂದದ ರಸ್ತೆಯಂಚಿನಲ್ಲಿ ಯಾರ ಗಣನೆಗೂ ಬಾರದೆ ಧೂಳು ಕುಡಿಯುತ್ತ ನಿಂತಿದೆ. ಮನ್ನಣೆಯೆಂಬುದು ಹೂವಿನ ಗುಣದಲ್ಲಿಲ್ಲ, ನೋಡುವವರ ರೂಢಿಯಲ್ಲಿದೆಯೆಂದು ತೋರುತ್ತದೆ.

ತಂಗಡಿಯ ಹತ್ತಿರದ ನೆಂಟ ತಗಚೆ. ಆಗಸ್ಟ್ ಸೆಪ್ಟೆಂಬರುಗಳಲ್ಲಿ ಪಾಳುನೆಲವನ್ನೆಲ್ಲ ಆವರಿಸುವ ಮೊಣಕಾಲೆತ್ತರದ ಸಸಿ; ಹೂವು ಹಳದಿಯೇ, ಐದು ಎಸಳೇ. ಆದರೆ ಎಲೆಯಲ್ಲಿ ಮೂರೇ ಜೊತೆ ಕಿರಿಯೆಲೆಗಳು, ಕಾಯಿ ಸೂಜಿಯಂತೆ ನೀಳವಾಗಿ ಬಾಗಿದ್ದು. ಎಲೆಗಳನ್ನು ಎಣಿಸಿದವರಿಗೆ ಎರಡರ ನಡುವೆ ಸಂಶಯ ಉಳಿಯದು. ನೆಲಕ್ಕಂಟಿದ ಐದೆಸಳಿನ ಹಳದಿಯಾದರೆ ನೆಗ್ಗಿಲು. ಬರಿಗಾಲಿನಲ್ಲಿ ನಡೆದವರಿಗೆ ಅದರ ಕಾಯಿ ತಾನೇ ಪರಿಚಯ ಹೇಳುತ್ತದೆ. ಮುಳ್ಳಿನ ಪೊದೆಯಲ್ಲಿ, ಚಳಿ ಮೊದಲಿಡುವಾಗ, ಕೊಳವೆಯಂಥ ಹಳದಿ ಹೂವಿದ್ದರೆ ಮುಳ್ಳುಗೋರಂಟಿ. (ಉತ್ತರದವರು ಕೈಗೆ ಹಚ್ಚುವ ಮದರಂಗಿಗೂ ಗೋರಂಟಿಯೆಂದೇ ಅನ್ನುವುದರಿಂದ ಹೊಸಬರು ತಬ್ಬಿಬ್ಬಾಗುವುದುಂಟು, ಎರಡಕ್ಕೂ ಸಂಬಂಧವಿಲ್ಲ.) ಬೆಳಿಗ್ಗೆ ಮುಚ್ಚಿಕೊಂಡಿದ್ದು ಇಳಿಹೊತ್ತಿನಲ್ಲಿ ಅರಳುವ ಕಿತ್ತಳೆ ಹಳದಿಯಾದರೆ ಅದು ಶ್ರೀಮುದ್ರೆ, ಬಿರುಕುಬಿರುಕಾದ ಚಕ್ರದಂಥ ಅದರ ಕಾಯಿಯನ್ನು ಮಕ್ಕಳು ಹಿಟ್ಟಿನ ಮೇಲೆ, ಮಣ್ಣಿನ ಮೇಲೆ ಒತ್ತಿ ಮುದ್ರೆ ಮೂಡಿಸಿ ಆಡುತ್ತಾರೆ. ಮರದ ಮೇಲೆ ಸುವಾಸನೆಯ ದುಂಡು ಹಳದಿ ಚೆಂಡುಗಳಿದ್ದರೆ ಕರಿಜಾಲಿ. ದುಂಡಾಗಿರದೆ ನೀಳ ತೆನೆಯಂತಿದ್ದರೆ ಅದು 19ನೆಯ ಶತಮಾನದಲ್ಲಿ ಅಮೆರಿಕ ಖಂಡದ ಕಡೆಯಿಂದ ಬಂದು ನೆಲೆಯೂರಿದ ಬಳ್ಳಾರಿಜಾಲಿ.

ಬದುವಿನ ಹುಲ್ಲಿನ ನಡುವೆ ಹುಡುಕಿದರೆ ಮತ್ತೊಂದು ಹಳದಿಯೂ ಸಿಗಬಹುದು. ಮೂರು ಕಿರಿಯೆಲೆಗಳ, ಮೈಯೆಲ್ಲ ನವಿರಾದ ತೆಳುಬಳ್ಳಿ. ಹೂವು ತೊಗರಿಯ ಹೂವಿನ ಕಿರಿಯ ಪ್ರತಿ. ಇದು ಕಾಡುತೊಗರಿ, ದಖ್ಖನದ ಹುಲ್ಲುನೆಲಗಳ ಹಳೆಯ ನಿವಾಸಿ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತುದನ್ನು ಎಲ್ಲರೂ ಬಲ್ಲರು. ಆದರೆ ಆ ಬೆಳೆಯ ಕಾಡಿನ ಬಂಧು ಅದೇ ಹೊಲದ ಅಂಚಿನಲ್ಲಿರಬಹುದೆಂದು ನೆನೆಯುವವರು ಇಲ್ಲ. ಬೆಳೆಗೆ ಹೊಸ ರೋಗ ಬಂದಾಗ, ಹೊಸ ಕೀಟ ಬಂದಾಗ, ತಳಿವಿಜ್ಞಾನಿಗಳು ಪ್ರತಿರೋಧದ ಗುಣವನ್ನು ಹುಡುಕಿಕೊಂಡು ಹೋಗುವುದು ಇಂಥ ಬಡ ನೆಂಟರ ಮನೆಗೇ. ಬದು ಕಿತ್ತು ಉತ್ತರೆ ಕಳೆದುಹೋಗುವುದು ಒಂದು ಹೂವು ಮಾತ್ರವಲ್ಲ.

ಹಳದಿ ಇಷ್ಟೇಕೆ? ಪ್ರಶ್ನೆ ಸಹಜ. ಹೂವು ಬಣ್ಣ ತಾಳುವುದು ಮನುಷ್ಯನಿಗಾಗಿ ಅಲ್ಲ, ಪರಾಗ ಸಾಗಿಸುವ ಅತಿಥಿಗಾಗಿ. ಜೇನುಹುಳುಗಳಿಗೆ ಬಣ್ಣಗಳ ಅರಿವುಂಟೆಂಬುದನ್ನು ಕಾರ್ಲ್ ಫಾನ್ ಫ್ರಿಶ್ ಎಂಬ ವಿಜ್ಞಾನಿ 1914ರ ಸುಮಾರಿಗೆ ಪ್ರಯೋಗಗಳಿಂದ ತೋರಿಸಿದನು. 1973ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಹಳದಿ, ನೀಲಿ ಜೇನಿಗೆ ಚೆನ್ನಾಗಿ ಕಾಣುತ್ತವೆ. ಕೆಂಪು ಅದಕ್ಕೆ ಕಪ್ಪಿನಂತೆ. ಕೆಂಪು ಹೂಗಳು ಬಹುಮಟ್ಟಿಗೆ ಹಕ್ಕಿಗಳನ್ನು ನೆಚ್ಚಿದವು. ಇರುಳಿನ ಪತಂಗಗಳನ್ನು ಕರೆಯಬೇಕಾದ ಹೂವು ಬಿಳುಪನ್ನೂ ಪರಿಮಳವನ್ನೂ ತಾಳುತ್ತದೆ. ಸಂಜೆ ಅರಳುವ ದತ್ತೂರಿಯ ಬಿಳಿಯ ಉದ್ದನೆಯ ತುತ್ತೂರಿ ಇಂಥ ಒಂದು ಕರೆ. ಹೂವು ಶಿವನಿಗೆ ಪ್ರಿಯವಾದರೂ ಗಿಡದ ಪ್ರತಿ ಅಂಗವೂ ವಿಷ.

ಬಿಳಿಯ ಹೂಗಳಲ್ಲಿ ಮನೆಮಾತಾದುದು ತುಂಬೆ. ಉತ್ತರಿ ಹಸ್ತಗಳಿಂದ ಚಳಿಗಾಲದವರೆಗೆ ಹೊಲಹೊಲದಲ್ಲಿಯೂ ಇದೆ. ಕಾಂಡದ ಸುತ್ತ ಗುಂಡು ಗುಂಡಾಗಿ ಕುಳಿತ ಮೊಗ್ಗುಗಳ ನಡುವಿನಿಂದ ಹಾಲುಬಿಳಿಯ ತುಟಿ ಚಾಚುತ್ತದೆ. ಅದೇ ಕಾಲದಲ್ಲಿ ತೊಗರಿ ಜೋಳಗಳ ನಡುವೆ ಬೆಳ್ಳಿಯ ಕುಂಚದಂತೆ ನೆಟ್ಟಗೆ ನಿಲ್ಲುವುದು ಅಣ್ಣೆ. ಎಳೆಯದರಲ್ಲಿ ತುದಿ ನಸುಗೆಂಪು, ಬಲಿತಂತೆ ಬಿಳಿ. ಬರಗಾಲದಲ್ಲಿ ಇದರ ಸೊಪ್ಪು ಬಡವರ ಪಲ್ಯವಾಗಿತ್ತು. ಹಿಂಗಾರಿಯ ಬಿಳಿಜೋಳದ ಬುಡದಲ್ಲಿ ಗೇಣುದ್ದದ, ಪುಟ್ಟ ಬಿಳಿ ಹೂವಿನ ಸಸಿಯೊಂದು ಕಂಡರೆ ರೈತನ ಮುಖ ಬಾಡುತ್ತದೆ. ನೋಡಲು ಸಾಧು, ಆದರೆ ಅದರ ಬೇರು ಮಣ್ಣಿನೊಳಗೆ ಜೋಳದ ಬೇರಿಗೆ ಬಾಯಿಟ್ಟು ಹೀರುತ್ತಿರುತ್ತದೆ.

ಬಿಳಿಯಲ್ಲಿ ಎಲ್ಲರೂ ಗುರುತಿಸಲೇಬೇಕಾದುದು ಕಾಂಗ್ರೆಸ್ ಕಳೆ. ಗಜ್ಜರಿಯ ಎಲೆಯಂತೆ ಸೀಳುಸೀಳಾದ ಎಲೆ, ತುದಿಯಲ್ಲಿ ಚದುರಿದ ಸಣ್ಣ ಬಿಳಿ ಗುಂಡಿಗಳು. ಅಮೆರಿಕ ಖಂಡದ ಈ ಗಿಡ 1950ರ ದಶಕದಲ್ಲಿ ಪುಣೆಯ ಬಳಿ ಕಣ್ಣಿಗೆ ಬಿದ್ದು, ಕೆಲವೇ ದಶಕಗಳಲ್ಲಿ ದಖ್ಖನವನ್ನು ತುಂಬಿತು. ಇದರ ಸೋಂಕಿನಿಂದ ಚರ್ಮಕ್ಕೆ ತುರಿ, ಪರಾಗದಿಂದ ಉಬ್ಬಸ. ಇದನ್ನು ತಿನ್ನುವ ಜೀರುಂಡೆಯನ್ನು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಹುಳು ಹರಡಿದೆ, ಕಳೆಯೂ ಉಳಿದಿದೆ. ತುಂಬೆ, ವಿಷ್ಣುಕ್ರಾಂತಿಗಳು ನಿಲ್ಲುತ್ತಿದ್ದ ಎಷ್ಟೋ ಬದುಗಳಲ್ಲಿ ಈಗ ಇದೊಂದೇ ನಿಂತಿದೆ.

ಮಾರ್ಗಶಿರ ಪುಷ್ಯಗಳ ಚಳಿಯಲ್ಲಿ ಬಣ್ಣಗಳು ಬದಲಾಗುತ್ತವೆ. ಎಳ್ಳ ಅಮಾವಾಸ್ಯೆಯ ದಿನ ಪಟ್ಟಣದಲ್ಲಿರುವ ಮಕ್ಕಳು ಮೊಮ್ಮಕ್ಕಳೆಲ್ಲ ಊರಿಗೆ ಬಂದು, ಸಜ್ಜೆಯ ಕಡಬು, ಬಜ್ಜಿ, ರೊಟ್ಟಿಗಳ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ಈ ಸೀಮೆಯ ದೊಡ್ಡ ಸಂಭ್ರಮ. ಹೂವು ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ದಿನ ಸಿಗದು. ಅಂದು ಬದುವಿನ ಮೇಲೆ ಮೈಯೆಲ್ಲ ಮುಳ್ಳಾದ, ನೀಲಿಬಿಳುಪಿನ ಚೆಂಡಿನಂಥ ಹೂವಿದ್ದರೆ ಬ್ರಹ್ಮದಂಡಿ. ನೆಲಕ್ಕಂಟಿ ಹರಡಿದ ಮುಳ್ಳಿನೆಲೆ, ನೇರಳೆ ಹೂವು, ನಡುವೆ ಹಳದಿ ಕೇಸರವಿದ್ದರೆ ನೆಲಗುಳ್ಳ, ಬದನೆಯ ತಂಗಿ. ಊದಾಗೆಂಪಿನ ಸಣ್ಣ ಹೂಗಳ ಕೊಗ್ಗಿಯನ್ನು ಗುರುತಿಸಲು ಒಂದು ಆಟವುಂಟು: ಕಿರಿಯೆಲೆಯ ತುದಿ ಹಿಡಿದು ಎಳೆದರೆ ಅದು ನೇರವಾಗಿ ಹರಿಯದೆ ಬಾಣದ ಗರಿಯಂತೆ ಮೂಲೆಗಟ್ಟಿ ಹರಿಯುತ್ತದೆ. ಸಂಸ್ಕೃತದವರು ಶರಪುಂಖವೆಂದುದು ಅದಕ್ಕೇ.

ಅದೇ ಕಾಲಕ್ಕೆ ಹಳ್ಳದ ದಂಡೆಯಲ್ಲಿ ಅರಿಸಿನ ದತ್ತೂರಿ ಅರಳುತ್ತದೆ. ಬೂದುಹಸುರಿನ ಮುಳ್ಳೆಲೆ, ರೇಷ್ಮೆಯಂಥ ತಿಳಿಹಳದಿಯ ಎಸಳು. ದಂಟು ಮುರಿದರೆ ಹಳದಿ ಹಾಲು. ಇದೂ ಮೆಕ್ಸಿಕೋದಿಂದ ಬಂದುದೇ. ಇದರ ಕಪ್ಪು ಬೀಜಕ್ಕೂ ಸಾಸಿವೆಗೂ ಇರುವ ಹೋಲಿಕೆ ಬಲು ಅಪಾಯಕರ. 1998ರಲ್ಲಿ ದೆಹಲಿಯಲ್ಲಿ ಈ ಬೀಜದ ಎಣ್ಣೆ ಬೆರೆತ ಸಾಸಿವೆ ಎಣ್ಣೆಯನ್ನು ಉಂಡು ಮೈ ಬಾತು 60ಕ್ಕೂ ಹೆಚ್ಚು ಮಂದಿ ಸತ್ತರು. ಗಿಡವನ್ನು ಗುರುತಿಸುವ ವಿದ್ಯೆ ವಿರಾಮದ ವಿನೋದವೆಂದು ತಿಳಿದವರು ಈ ಸಂಗತಿಯನ್ನು ನೆನೆಯಬಹುದು.

ಮಾಘ ಕಳೆದು ಫಾಲ್ಗುಣ ಕೂಡಿದಾಗ ಮುತ್ತಲದ ಸರದಿ. ದಕ್ಷಿಣದವರು ಮುತ್ತುಗವೆನ್ನುವುದನ್ನೇ ಇಲ್ಲಿ ಮುತ್ತಲವೆನ್ನುವುದು. ಎಲೆಯೆಲ್ಲ ಉದುರಿದ ಸೊಟ್ಟಸೊಟ್ಟ ಕೊಂಬೆಗಳ ಮೇಲೆ ಕೆಂಡ ಸುರಿದಂತೆ ಹೂವು. ಬಾಗಿದ ಎಸಳು ಗಿಳಿಯ ಕೊಕ್ಕಿನಂತಿರುವುದರಿಂದ “ಇದೇನು ಗಿಳಿಯೇ?” ಎಂಬರ್ಥದ ಕಿಂಶುಕವೆಂಬ ಹೆಸರು ಸಂಸ್ಕೃತದಲ್ಲಿ ನಿಂತಿತು. ಮರಾಠಿಯಲ್ಲಿ ಪಳಸ, ತೆಲುಗಿನಲ್ಲಿ ಮೋದುಗ, ಬಂಗಾಳದಲ್ಲಿ ಪಲಾಶ. 1757ರ ಕಾಳಗ ನಡೆದ ಪ್ಲಾಸಿಗೆ ಆ ಹೆಸರು ಬಂದುದು ಈ ಮರದಿಂದಲೇ ಎನ್ನುತ್ತಾರೆ. ಹೂವಿನ ಜೇನಿಗಾಗಿ ಗೊರವಂಕ, ಸೂರಕ್ಕಿಗಳು ಮುತ್ತುತ್ತವೆ. ಹೋಳಿಗೆ ಇದನ್ನು ನೀರಿನಲ್ಲಿ ಕುದಿಸಿ ಕಿತ್ತಳೆ ಹಳದಿಯ ಓಕುಳಿ ಮಾಡುತ್ತಿದ್ದ ಕಾಲವನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಈಗ ಅಂಗಡಿಯ ಪುಡಿ ಅದರ ಸ್ಥಾನವನ್ನು ಹಿಡಿದಿದೆ. ಮುತ್ತಲದ ಹಿಂದೆಯೇ ಯುಗಾದಿಗೆ ಬೇವು, ಅನಂತರ ಹುಲಗಲದ ನಸುನೇರಳೆ, ಮೇ ತಿಂಗಳಲ್ಲಿ ಕಕ್ಕೆಯ ಹೊನ್ನಿನ ಜಲ್ಲಿ. ಇವೆಲ್ಲದರ ನಡುವೆ ಹನ್ನೆರಡು ತಿಂಗಳೂ ಹೂವಿರುವುದು ಎಕ್ಕೆಯೊಂದಕ್ಕೇ. ಹನುಮಂತನ ಶನಿವಾರಕ್ಕೆ ಅದು ತಪ್ಪದು. ಅದರ ಹಾಲು ಕಣ್ಣಿಗೆ ತಾಗದಂತೆ ಎಚ್ಚರವಿರಬೇಕು. ಇನ್ನು ಗಾಣಗಾಪುರದ ಭಕ್ತರು ಪ್ರದಕ್ಷಿಣೆ ಮಾಡುವ ಔದುಂಬರ ವೃಕ್ಷದ ಹೂವನ್ನಂತೂ ಯಾರೂ ಕಾಣರು. ಅತ್ತಿಯ ಹೂವು ಕಾಯಿಯಂತೆ ತೋರುವ ಚೀಲದ ಒಳಗೇ ಅರಳುತ್ತದೆ.

ಇಷ್ಟು ಹೂಗಳಿದ್ದೂ ಈ ಸೀಮೆಯ ಸಸ್ಯಗಳ ದಾಖಲೆ ಬಹುಕಾಲ ಆಗಲೇ ಇಲ್ಲ. ಮುಂಬಯಿ ಪ್ರಾಂತದ ಸಸ್ಯಗಳನ್ನು ಕುಕ್ ಎಂಬಾತ 20ನೆಯ ಶತಮಾನದ ಆದಿಯಲ್ಲಿ ಬರೆದಿಟ್ಟನು, ಮದರಾಸು ಪ್ರಾಂತದವನ್ನು ಗ್ಯಾಂಬಲ್ 1915ರಿಂದ ಆರಂಭಿಸಿದನು. ಕಲಬುರಗಿ ಆಗ ನಿಜಾಮನ ರಾಜ್ಯ. ಎರಡು ಗ್ರಂಥಗಳ ನಡುವಿನ ಸಂದಿಯಲ್ಲಿ ಉಳಿದುಹೋಯಿತು. 1956ರಲ್ಲಿ ಜಿಲ್ಲೆ ಕನ್ನಡನಾಡಿಗೆ ಸೇರಿತು, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಹುಟ್ಟಿತು. ಅಲ್ಲಿಯ ಸೀತಾರಾಮ್, ಕೋಟ್ರೇಶ, ಉಪ್ಪಳಾಂವಕರ ಎಂಬ ವಿದ್ವಾಂಸರು ರಚಿಸಿದ ಜಿಲ್ಲೆಯ ಸಸ್ಯಗ್ರಂಥ 2000ದಲ್ಲಿ ಹೊರಬಂದಿತು. ಅದು ಇಂಗ್ಲಿಷಿನಲ್ಲಿದೆ, ಶಾಸ್ತ್ರಜ್ಞರಿಗಾಗಿ ಇದೆ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಗಳ ಕತೆಯನ್ನು ಕನ್ನಡದಲ್ಲಿ ಹೇಳಿ 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದುದನ್ನು ಓದುಗರು ಬಲ್ಲರು. ಎರೆನಾಡಿನ ಹೂಗಳಿಗೆ ಅಂಥ ಕತೆಗಾರ ಇನ್ನೂ ಬರಬೇಕಾಗಿದೆ.

ಅಷ್ಟರಲ್ಲಿ ಹೂವಿನ ಎಡೆ ಕಿರಿದಾಗುತ್ತಿದೆ. ಭೀಮೆಯ ದಂಡೆಯಲ್ಲಿ ಕಬ್ಬು ಹಬ್ಬಿದೆ. ಟ್ರ್ಯಾಕ್ಟರು ಬದುವನ್ನೂ ಸೇರಿಸಿ ಉಳುತ್ತದೆ. ಕಳೆನಾಶಕದ ಸಿಂಪರಣೆ ಅಣ್ಣೆಯನ್ನೂ ತುಂಬೆಯನ್ನೂ ಬೇರೆ ಮಾಡಿ ನೋಡದು. ರೈತನನ್ನು ದೂರಲಾಗದು, ಕಳೆ ತೆಗೆಯುವ ಕೂಲಿಯ ಭಾರ ಅವನಿಗೇ ಗೊತ್ತು. ಆದರೆ ಹೆಸರುಗಳು ಹೂಗಳಿಗಿಂತ ಬೇಗ ಅಳಿಯುತ್ತಿವೆ. ಅಜ್ಜಿಗೆ ಮೂವತ್ತು ಗಿಡಗಳ ಹೆಸರು ಬಂದರೆ ತಾಯಿಗೆ ಹತ್ತು, ಮಗುವಿಗೆ ಎರಡು.

ಊರಿಗೆ ಹೋದ ಪಟ್ಟಣದ ಕುಟುಂಬಗಳು ಮನಸ್ಸು ಮಾಡಿದರೆ ಈ ಹೆಸರುಗಳನ್ನು ಹಿಡಿದಿಡುವುದು ಕಷ್ಟವಲ್ಲ. ಹೂವಿರುವ ಒಂದು ಕಿರುರೆಂಬೆಯನ್ನು ಎಲೆ ಸಹಿತ ತಂದು, ಹಳೆಯ ವೃತ್ತಪತ್ರಿಕೆಯ ಹಾಳೆಗಳ ನಡುವೆ ಹರಡಿ, ಭಾರವಿಟ್ಟು, ಹಾಳೆಯನ್ನು ದಿನಕ್ಕೊಮ್ಮೆ ಬದಲಿಸಿದರೆ ವಾರದಲ್ಲಿ ಒಣಗುತ್ತದೆ. ಪಕ್ಕದಲ್ಲಿ ಊರು, ತಾರೀಖು, ಮಳೆನಕ್ಷತ್ರ, ನೆಲದ ಬಗೆ, ಹೂವರಳಿದ ಹೊತ್ತು, ಮನೆಯ ಹಿರಿಯರು ಹೇಳಿದ ಹೆಸರು ಇಷ್ಟನ್ನು ಬರೆಯಬೇಕು. ವಿಷದ ಗಿಡ ಮುಟ್ಟಿದ ಮೇಲೆ ಕೈ ತೊಳೆಯಬೇಕೆಂಬುದು ಬೇರೆ ಹೇಳಬೇಕಾಗಿಲ್ಲ. ಬಣ್ಣವನ್ನು ಮಾತ್ರ ಹೂವು ಹಸಿಯಾಗಿರುವಾಗಲೇ ಬರೆದಿಡತಕ್ಕದ್ದು. ತಂಗಡಿಯ ಹಳದಿ ಒಣಗಿದ ಮೇಲೂ ಅಷ್ಟಿಷ್ಟು ಉಳಿದೀತು. ವಿಷ್ಣುಕ್ರಾಂತಿಯ ನೀಲಿ ಕೆಲವೇ ದಿನಗಳಲ್ಲಿ ಬಿಳಿಚಿಕೊಳ್ಳುತ್ತದೆ, ಕನ್ನೆಸೊಪ್ಪಿನ ಹೂವಂತೂ ಮನೆ ತಲುಪುವ ಮೊದಲೇ ನೀರಾಗಿರುತ್ತದೆ.